ಬೆಳಕಿಗೆ ಬಾಗುವ ಹಾಳೆ

ಸಂಜೆಯಾದರೆ ಹುಣಸೆ ಎಲೆಗಳು ಮಡಿಚಿಕೊಳ್ಳುತ್ತವೆ, ಬೆಳಗಾದರೆ ಬಿಚ್ಚಿಕೊಳ್ಳುತ್ತವೆ. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದ ಮಕ್ಕಳು ಇದನ್ನು ನೋಡಿರಬಹುದು. ಎಲೆಬುಡದ ಜೀವಕೋಶಗಳಿಗೆ ನೀರು ನುಗ್ಗುವುದು, ಹೊರಬರುವುದು ಇದಕ್ಕೆ ಕಾರಣ. ಮೋಟಾರಿಲ್ಲ, ತಂತಿಯಿಲ್ಲ.

ಹೀಗೆ ತಾನಾಗಿ ಅಲುಗುವ ಹಾಳೆಗಾಗಿ ವಿಜ್ಞಾನಿಗಳು ರಂಧ್ರಮಯ ಸಾವಯವ ವಸ್ತುಗಳತ್ತ ನೋಡುತ್ತಿದ್ದಾರೆ. ಇಂಗಾಲ ಮುಂತಾದ ಹಗುರ ಪರಮಾಣುಗಳನ್ನು ಜೇನುಗೂಡಿನಂತೆ ಹೆಣೆದ ಇಂಥ ಹರಳುಗಳನ್ನು 2005ರಲ್ಲಿ ಅಮೆರಿಕದ ಒಮರ್ ಯಾಘಿ ತಂಡ ಮೊದಲು ತಯಾರಿಸಿತು. ರಂಧ್ರಗಳಲ್ಲಿ ತೇವ ನಿಲ್ಲುತ್ತದೆ. ಬೆಳಕು ಬಿದ್ದು ಬಿಸಿಯಾದ ಮಗ್ಗುಲಿನಿಂದ ತೇವ ಹೊರಟರೆ ಆ ಮಗ್ಗುಲು ಕುಗ್ಗಿ, ಹಾಳೆ ಬಾಗುತ್ತದೆ.

ತೊಡಕು ಬೇರೆಯೇ. ಈ ವಸ್ತು ಸಾಮಾನ್ಯವಾಗಿ ಸಿಗುವುದು ಪುಡಿಯಾಗಿ. ಪುಡಿ ಬಾಗದು. ಮಾಲೂರಿನ ಜೇಡಿಮಣ್ಣನ್ನಾದರೆ ಕಲಸಿ, ಅಚ್ಚಿಗೆ ಒತ್ತಿ, ಸುಟ್ಟು ಹೆಂಚು ಮಾಡಬಹುದು. ಈ ಪುಡಿ ಕರಗುವುದೂ ಇಲ್ಲ, ಕಾಯಿಸಿದರೆ ದ್ರವವಾಗುವುದೂ ಇಲ್ಲ. ಆದ್ದರಿಂದ ಎಣ್ಣೆ-ನೀರಿನಂತೆ ಬೆರೆಯದ ಎರಡು ದ್ರವಗಳಲ್ಲಿ ಒಂದೊಂದು ಘಟಕವನ್ನು ಕರಗಿಸಿಡುತ್ತಾರೆ. ಎರಡೂ ಸಂಧಿಸುವ ಕಡೆ ಹಾಲಿನ ಕೆನೆಯಂತೆ ಪೊರೆ ಕಟ್ಟುತ್ತದೆ. ಭಾರತದ ರಾಹುಲ್ ಬ್ಯಾನರ್ಜಿ ಅವರ ತಂಡ 2017ರಲ್ಲಿ ಸೋಸುವ ಪೊರೆಗಳನ್ನು ಹೀಗೇ ಬೆಳೆಸಿತು.

ಮನೆಯಲ್ಲೂ ಒಂದು ಪರೀಕ್ಷೆ ಮಾಡಬಹುದು. ಟ್ರೇಸಿಂಗ್ ಕಾಗದದ ಚೂರನ್ನು ಒದ್ದೆ ಬಟ್ಟೆಯ ಮೇಲಿಡಿ. ತೇವ ಹೀರಿದ ಕೆಳಬದಿ ಹಿಗ್ಗಿ ಕಾಗದ ಸುರುಳಿಯಾಗುತ್ತದೆ. ದಪ್ಪ ರಟ್ಟು ಹಾಗಾಗದು. ತೆಳುವಾಗಿದ್ದರೇ ಚಲನೆ!