ಪ್ರಶ್ನೆ ಉದ್ಭವಿಸುವುದಿಲ್ಲ

ಪ್ರಜಾಪ್ರಭುತ್ವದಲ್ಲಿ ಆಳುವವರಿಗೆ ಅಧಿಕಾರವನ್ನು ಕೊಟ್ಟವರು ಜನರು. ಕೊಟ್ಟವರಿಗೆ ಲೆಕ್ಕ ಕೇಳುವ ಹಕ್ಕಿದೆ. ಪಡೆದವರಿಗೆ ಲೆಕ್ಕ ಒಪ್ಪಿಸುವ ಹೊಣೆಯಿದೆ. ಆದರೆ ಪ್ರತಿಯೊಬ್ಬ ಪ್ರಜೆಯೂ ವಿಧಾನಸೌಧದ ಮೆಟ್ಟಿಲೇರಿ ಮಂತ್ರಿಯನ್ನು ಎದುರು ನಿಲ್ಲಿಸಿ ಕೇಳಲಾಗದು. ಆದುದರಿಂದ ಅವನ ಪರವಾಗಿ ಶಾಸಕನು ಪ್ರಶ್ನೆಯನ್ನು ಬರೆದು ಕೊಡುತ್ತಾನೆ. ಸಂಬಂಧಪಟ್ಟ ಇಲಾಖೆಯು ಲಿಖಿತ ಉತ್ತರವನ್ನು ಸಿದ್ಧಪಡಿಸುತ್ತದೆ. ಮಂತ್ರಿಗಳ ಹೆಸರಿನಲ್ಲಿ ಅದು ಸದನದ ಮುಂದೆ ಬರುತ್ತದೆ. ಸದನದ ಗದ್ದಲವನ್ನು ದೂರದರ್ಶನದಲ್ಲಿ ಕುತೂಹಲದಿಂದ ನೋಡುವ ನಾವು, ಅದೇ ದಿನ ಅದೇ ಸದನದಲ್ಲಿ ಮಂಡನೆಯಾದ ಈ ಉತ್ತರಗಳನ್ನು ಓದುವುದಿಲ್ಲ. ಯಾರೂ ಓದುವುದಿಲ್ಲವೆಂಬ ಧೈರ್ಯದಿಂದಲೇ ಅವುಗಳಲ್ಲಿ ಎಷ್ಟೋ ಉತ್ತರಗಳನ್ನು ಬರೆಯಲಾಗುತ್ತಿದೆ ಎಂಬುದೇ ಈ ಲೇಖನದ ಆಕ್ಷೇಪ.

ಈ ಹಕ್ಕು ನಮಗೆ ಸುಲಭವಾಗಿ ದಕ್ಕಿದ್ದಲ್ಲ. ಮೈಸೂರು ಸಂಸ್ಥಾನದಲ್ಲಿ 1881ರಲ್ಲಿ, ದಿವಾನ ರಂಗಾಚಾರ್ಲು ಅವರ ಕಾಲದಲ್ಲಿ, ಪ್ರಜಾಪ್ರತಿನಿಧಿ ಸಭೆ ಆರಂಭವಾಯಿತು. ಪ್ರತಿನಿಧಿಗಳು ತಮ್ಮ ತಮ್ಮ ಭಾಗದ ಅಹವಾಲುಗಳನ್ನು ದಿವಾನರ ಮುಂದಿಡುತ್ತಿದ್ದರು. ಆದರೆ ಸರ್ಕಾರವನ್ನು ಕಟ್ಟಿಹಾಕುವ ಅಧಿಕಾರ ಅವರಿಗಿರಲಿಲ್ಲ. ಬ್ರಿಟಿಷ್ ಇಂಡಿಯಾದಲ್ಲಿ ಶಾಸನ ಸಭೆಯ ಸದಸ್ಯರಿಗೆ ಪ್ರಶ್ನೆ ಕೇಳುವ ಅವಕಾಶ ದೊರೆತದ್ದು 1892ರ ಕಾಯಿದೆಯಿಂದ. ಆಗಲೂ ಒಂದು ಕೊರತೆಯಿತ್ತು. ಬಂದ ಉತ್ತರದ ಮೇಲೆ ಮರುಪ್ರಶ್ನೆ ಹಾಕುವಂತಿರಲಿಲ್ಲ. ಉಪಪ್ರಶ್ನೆಯ ಹಕ್ಕು ಬಂದದ್ದು 1909ರ ಸುಧಾರಣೆಗಳಲ್ಲಿ, ಅದೂ ಮೂಲ ಪ್ರಶ್ನೆ ಕೇಳಿದ ಸದಸ್ಯನಿಗೆ ಮಾತ್ರ. ಪ್ರಶ್ನೆಯೊಂದೇ ಸಾಲದು, ಉತ್ತರವನ್ನು ಪ್ರಶ್ನಿಸುವ ಹಕ್ಕೂ ಬೇಕು ಎಂಬುದನ್ನು ಆ ತಲೆಮಾರು ಅರಿತಿತ್ತು.

ಇಂದಿನ ವ್ಯವಸ್ಥೆಯಲ್ಲಿ ಎರಡು ಬಗೆಯ ಪ್ರಶ್ನೆಗಳಿವೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿಗಳು ಸದನದಲ್ಲಿ ಎದ್ದು ನಿಂತು ಉತ್ತರಿಸಬೇಕು. ಅದರ ಮೇಲೆ ಉಪಪ್ರಶ್ನೆಗಳನ್ನು ಕೇಳಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಮಾತ್ರ, ಉಪಪ್ರಶ್ನೆ ಇಲ್ಲ. ಲೋಕಸಭೆಯಲ್ಲಿ ಒಂದು ದಿನಕ್ಕೆ ಚುಕ್ಕೆ ಗುರುತಿನ 20 ಪ್ರಶ್ನೆಗಳಾದರೆ, ಚುಕ್ಕೆ ಗುರುತಿಲ್ಲದವು 230ರವರೆಗೂ ಇರುತ್ತವೆ. ಅಂದರೆ ಜನರ ಪರವಾಗಿ ಕೇಳಲಾಗುವ ಪ್ರಶ್ನೆಗಳಲ್ಲಿ ಬಹುಪಾಲು ಕಾಗದದಲ್ಲಿ ಹುಟ್ಟಿ ಕಾಗದದಲ್ಲೇ ಮುಗಿಯುತ್ತವೆ. ಅಲ್ಲಿ ಉತ್ತರಿಸುವವನ ಪ್ರಾಮಾಣಿಕತೆಯೇ ನಮಗಿರುವ ಏಕೈಕ ರಕ್ಷಣೆ.

ಆ ಪ್ರಾಮಾಣಿಕತೆಯ ಸ್ಥಿತಿ ಹೇಗಿದೆ? ನಮ್ಮ ವಿಧಾನಮಂಡಲದ ಉತ್ತರಗಳ ಶೈಲಿಯನ್ನು ಬಲ್ಲವರಿಗೆ ಈ ಮಾದರಿ ಅಪರಿಚಿತವಲ್ಲ. ಹಾಳೆಯ ಎಡಭಾಗದಲ್ಲಿ ಪ್ರಶ್ನೆ, ಬಲಭಾಗದಲ್ಲಿ ಉತ್ತರ. ಒಂದು ತಾಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯರಿಲ್ಲವೆಂದು ಇಟ್ಟುಕೊಳ್ಳೋಣ. ಶಾಸಕರು ಕೇಳುತ್ತಾರೆ: (ಅ) ವೈದ್ಯರ ಹುದ್ದೆ ಖಾಲಿ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಉತ್ತರ: ಬಂದಿದೆ. (ಆ) ಬಂದಿದ್ದಲ್ಲಿ, ಯಾವಾಗ ಭರ್ತಿ ಮಾಡಲಾಗುವುದು? ಉತ್ತರ: ವಿಷಯವು ಪರಿಶೀಲನೆಯಲ್ಲಿದೆ. (ಇ) ವಿಳಂಬಕ್ಕೆ ಹೊಣೆ ಯಾರು? ಉತ್ತರ: ಪ್ರಶ್ನೆ ಉದ್ಭವಿಸುವುದಿಲ್ಲ.

ನ್ಯಾಯವಾಗಿ ನೋಡಿದರೆ, ಈ ಕೊನೆಯ ಮಾತಿಗೆ ಒಂದು ಸರಿಯಾದ ಬಳಕೆಯೂ ಇದೆ. ಮೊದಲ ಪ್ರಶ್ನೆಗೆ 'ಇಲ್ಲ' ಎಂಬುದು ನಿಜವಾದ ಉತ್ತರವಾದರೆ, ಅದನ್ನು ಅವಲಂಬಿಸಿದ ಮುಂದಿನ ಪ್ರಶ್ನೆ ಉದ್ಭವಿಸುವುದಿಲ್ಲ. ಆದರೆ ವೈದ್ಯರಿಲ್ಲದ ಆಸ್ಪತ್ರೆಯ ಬಾಗಿಲಲ್ಲಿ ಜ್ವರದ ಮಗುವನ್ನು ಎತ್ತಿಕೊಂಡು ನಿಂತ ತಾಯಿಗೆ ಆ ಪ್ರಶ್ನೆ ಉದ್ಭವಿಸಿಯೇ ಇರುತ್ತದೆ. ಅವಳಿಗೆ ಉದ್ಭವಿಸಿದ್ದು ಇಲಾಖೆಗೆ ಏಕೆ ಉದ್ಭವಿಸುವುದಿಲ್ಲ?

ಇನ್ನೊಂದು ಪದವನ್ನು ಗಮನಿಸಿರಿ: 'ಅನುದಾನದ ಲಭ್ಯತೆಗೆ ಅನುಗುಣವಾಗಿ ಕ್ರಮ ಕೈಗೊಳ್ಳಲಾಗುವುದು.' ವ್ಯಾಕರಣದಲ್ಲಿ ಇದನ್ನು ಕರ್ಮಣಿ ಪ್ರಯೋಗವೆನ್ನುತ್ತೇವೆ. ಇಲ್ಲಿ ಕ್ರಮವಿದೆ, ಕ್ರಮ ಕೈಗೊಳ್ಳುವವನು ಇಲ್ಲ. ಭವಿಷ್ಯತ್ಕಾಲವಿದೆ, ದಿನಾಂಕವಿಲ್ಲ. ಕರ್ತೃವೇ ಇಲ್ಲದ ವಾಕ್ಯವನ್ನು ಹಿಡಿದು ಮುಂದಿನ ವರ್ಷ ಯಾರನ್ನು ಕೇಳುವುದು? ಇಂತಹ ಉತ್ತರವನ್ನು ಸುಳ್ಳೆಂದು ತೋರಿಸಲು ಯಾರಿಂದಲೂ ಸಾಧ್ಯವಿಲ್ಲ. ಏಕೆಂದರೆ ಅದು ಏನನ್ನೂ ಹೇಳಿಲ್ಲ.

ಇದು ಬರಿಯ ಭಾಷೆಯ ದೋಷವಾಗಿದ್ದರೆ ನಕ್ಕು ಸುಮ್ಮನಿರಬಹುದಿತ್ತು. ಆದರೆ ಇಂತಹ ಉತ್ತರಗಳ ಅಡಿಯಲ್ಲಿ ಮನುಷ್ಯರ ಸಾವುಗಳೂ ಹೂತುಹೋಗಿವೆ. 2020ರ ಕೊರೊನಾ ಲಾಕ್‌ಡೌನ್ ಕಾಲದಲ್ಲಿ ವಲಸೆ ಕಾರ್ಮಿಕರು ಹೆದ್ದಾರಿಗಳಲ್ಲಿ ನಡೆದು ಊರಿಗೆ ಹೊರಟ ದೃಶ್ಯವನ್ನು ಯಾರೂ ಮರೆತಿಲ್ಲ. ಆ ವರ್ಷದ ಸೆಪ್ಟೆಂಬರ್ ಅಧಿವೇಶನದಲ್ಲಿ ಪ್ರಶ್ನೋತ್ತರ ವೇಳೆಯನ್ನೇ ಕೈಬಿಡಲಾಯಿತು. ಉಳಿದದ್ದು ಲಿಖಿತ ಉತ್ತರ ಮಾತ್ರ. ಉಪಪ್ರಶ್ನೆಯ ಮಟ್ಟಿಗೆ ನಾವು 1892ಕ್ಕೆ ಹಿಂತಿರುಗಿದಂತಾಯಿತು. ಮನೆಗೆ ಮರಳುವಾಗ ಎಷ್ಟು ಕಾರ್ಮಿಕರು ಸತ್ತರು, ಅವರ ಕುಟುಂಬಗಳಿಗೆ ಪರಿಹಾರ ಕೊಡಲಾಗಿದೆಯೇ ಎಂದು ಲೋಕಸಭೆಯ ಸದಸ್ಯರು ಕೇಳಿದರು. ಸೆಪ್ಟೆಂಬರ್ 14ರಂದು ಕಾರ್ಮಿಕ ಸಚಿವಾಲಯ ಕೊಟ್ಟ ಉತ್ತರ: ಅಂತಹ ಅಂಕಿಅಂಶವನ್ನು ಇಟ್ಟಿಲ್ಲ, ಆದುದರಿಂದ ಪರಿಹಾರದ ಪ್ರಶ್ನೆ ಉದ್ಭವಿಸುವುದಿಲ್ಲ.

ಊರಿಗೆ ಮರಳಿದವರು ಒಂದು ಕೋಟಿ ನಾಲ್ಕು ಲಕ್ಷಕ್ಕೂ ಹೆಚ್ಚು ಎಂಬ ಲೆಕ್ಕ ಅದೇ ಸಚಿವಾಲಯದ ಬಳಿ ಇತ್ತು. ತಲುಪಿದವರನ್ನು ಎಣಿಸಲು ಸಾಧ್ಯವಾಯಿತು, ತಲುಪದವರನ್ನು ಎಣಿಸಲು ಸಾಧ್ಯವಾಗಲಿಲ್ಲ! ಅದೇ ವಾರದಲ್ಲಿ ರಾಜ್ಯಸಭೆಗೆ ಉತ್ತರ ಕೊಟ್ಟ ರೈಲ್ವೆ ಸಚಿವರು, ಶ್ರಮಿಕ ವಿಶೇಷ ರೈಲುಗಳಲ್ಲಿ ಪ್ರಯಾಣಿಸುತ್ತಿದ್ದಾಗ 97 ಮಂದಿ ಸತ್ತರೆಂದು ರಾಜ್ಯಗಳ ಪೊಲೀಸರ ಮಾಹಿತಿಯ ಆಧಾರದ ಮೇಲೆ ತಿಳಿಸಿದರು. ಒಂದೇ ಸರ್ಕಾರದ ಒಂದು ಇಲಾಖೆಯ ಬಳಿ ಲೆಕ್ಕವಿತ್ತು, ಇನ್ನೊಂದರ ಬಳಿ ಇರಲಿಲ್ಲ. ಹಾಗಾದರೆ ಕೊರತೆಯಿದ್ದದ್ದು ಮಾಹಿತಿಯಲ್ಲೋ, ಹುಡುಕುವ ಮನಸ್ಸಿನಲ್ಲೋ?

ಎರಡನೆಯ ಉದಾಹರಣೆ ನಮ್ಮ ರಾಜ್ಯಕ್ಕೆ ಹತ್ತಿರದ್ದು. 2021ರ ಮೇ 2 ಮತ್ತು 3ರ ನಡುವೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ 24 ರೋಗಿಗಳು ಸತ್ತರು. ಹೈಕೋರ್ಟು ನೇಮಿಸಿದ ಸಮಿತಿಯು ಆಮ್ಲಜನಕದ ಕೊರತೆಯತ್ತ ಬೆರಳು ತೋರಿಸಿತು. ಅದೇ ಜುಲೈ 20ರಂದು ಕೇಂದ್ರ ಆರೋಗ್ಯ ಇಲಾಖೆಯ ರಾಜ್ಯ ಸಚಿವರು ರಾಜ್ಯಸಭೆಗೆ ಲಿಖಿತ ಉತ್ತರ ಕೊಟ್ಟರು: ಆಮ್ಲಜನಕದ ಕೊರತೆಯಿಂದ ಸಾವು ಸಂಭವಿಸಿದೆಯೆಂದು ರಾಜ್ಯಗಳು ನಿರ್ದಿಷ್ಟವಾಗಿ ವರದಿ ಮಾಡಿಲ್ಲ. ಈ ವಾಕ್ಯದಲ್ಲಿ ಒಂದಕ್ಷರವೂ ಸುಳ್ಳಿಲ್ಲದಿರಬಹುದು. ಕೇಂದ್ರವು ರಾಜ್ಯಗಳತ್ತ ಕೈ ತೋರಿಸಿತು. ರಾಜ್ಯಗಳ ನಮೂನೆಯಲ್ಲಿ 'ಕೊರೊನಾ ಸಾವು' ಎಂದಷ್ಟೇ ಬರೆದರೆ ಆಮ್ಲಜನಕದ ಹೆಸರೇ ಬರುವುದಿಲ್ಲ. ಉಸಿರಿಗಾಗಿ ಹಪಹಪಿಸಿ ಸತ್ತವರ ಮನೆಯವರು ಆ ಉತ್ತರವನ್ನು ಪತ್ರಿಕೆಯಲ್ಲಿ ಓದಿದಾಗ ಅವರಿಗೆ ಏನೆನಿಸಿರಬೇಕು?

ಮೂರನೆಯದು ವ್ಯಾಖ್ಯಾನದ ಜಾಣತನ. ಕೈಯಿಂದ ಮಲ ಬಾಚುವ ಪದ್ಧತಿಯಿಂದ ಸಾವು ವರದಿಯಾಗಿಲ್ಲವೆಂದು 2021ರ ಜುಲೈನಲ್ಲಿ ಕೇಂದ್ರ ಸಾಮಾಜಿಕ ನ್ಯಾಯ ಇಲಾಖೆ ರಾಜ್ಯಸಭೆಗೆ ತಿಳಿಸಿತು. ಅದೇ ವರ್ಷದ ಫೆಬ್ರವರಿಯಲ್ಲಿ, ಒಳಚರಂಡಿ ಮತ್ತು ಮಲದ ಗುಂಡಿಗಳನ್ನು ಶುಚಿಗೊಳಿಸುವಾಗ ಐದು ವರ್ಷಗಳಲ್ಲಿ 340 ಮಂದಿ ಸತ್ತಿದ್ದಾರೆಂದು ಅದೇ ಇಲಾಖೆ ಲೋಕಸಭೆಗೆ ತಿಳಿಸಿತ್ತು. ಎರಡೂ ಹೇಗೆ ನಿಜ? 2013ರ ಕಾಯಿದೆಯಲ್ಲಿ ಮಲ ಬಾಚುವುದು ಒಂದು ವ್ಯಾಖ್ಯಾನ, ಚರಂಡಿಗಿಳಿಯುವ ಅಪಾಯಕಾರಿ ಶುಚಿಕಾರ್ಯ ಮತ್ತೊಂದು. ಗುಂಡಿಯಲ್ಲಿ ಉಸಿರುಗಟ್ಟಿದವನನ್ನು ಒಂದು ವ್ಯಾಖ್ಯಾನದಿಂದ ಎತ್ತಿ ಇನ್ನೊಂದರಲ್ಲಿ ಇಟ್ಟರೆ, ಮೊದಲನೆಯದು ಶುಭ್ರವಾಗಿ ಉಳಿಯುತ್ತದೆ. ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದು 2014ರಲ್ಲಿ ಆದೇಶಿಸಿದ್ದ ಸುಪ್ರೀಂ ಕೋರ್ಟು, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ನ್ಯಾಯಾಲಯಕ್ಕೆ ಕಾಣಿಸಿದ ಸಾವು, ಉತ್ತರದ ಹಾಳೆಯಲ್ಲಿ ಪದಗಳ ಹಿಂದೆ ಮರೆಯಾಯಿತು.

ಸುಳ್ಳಾಡದೆಯೂ ಸತ್ಯಕ್ಕೆ ದ್ರೋಹ ಬಗೆಯಬಹುದೆಂದು ನೀತಿಶಾಸ್ತ್ರ ಬಲ್ಲದು. ಹೇಳಬೇಕಾದ ಹೊಣೆಯಿದ್ದವನು ಹೇಳದೆ ಉಳಿದರೆ, ಕೇಳಿದವನು ತಪ್ಪು ತಿಳಿಯಲೆಂದೇ ಪದಗಳನ್ನು ಜೋಡಿಸಿದರೆ, ಅದು ಕರ್ತವ್ಯಲೋಪ. ಎಣಿಸದೆ ಬಿಟ್ಟ ಸಾವು ಪರಿಹಾರದ ಪಟ್ಟಿಗೆ ಸೇರುವುದಿಲ್ಲ. ಮುಂದೆ ಇಂತಹ ಸಾವು ಸಂಭವಿಸದಂತೆ ತಡೆಯುವ ಯೋಜನೆಗೂ ಸೇರುವುದಿಲ್ಲ.

ಅಧಿಕಾರಿಗಳ ಪರವಾಗಿಯೂ ಒಂದು ವಾದವಿದೆ, ಅದನ್ನು ಕೇಳಬೇಕು. ಒಂದು ಪ್ರಶ್ನೆಗೆ ಮಾಹಿತಿ ಬೇಕಾದರೆ 31 ಜಿಲ್ಲೆಗಳಿಗೆ ಪತ್ರ ಹೋಗಬೇಕು, ತಾಲೂಕು ಕಚೇರಿಯ ಗುಮಾಸ್ತ ತನ್ನ ದಿನದ ಕೆಲಸ ಬಿಟ್ಟು ಕಡತ ಹುಡುಕಬೇಕು. ಈ ಶ್ರಮ ನಿಜ. ಆದರೆ ಶ್ರಮವೇ ಕಾರಣವಾದರೆ 'ಇಂತಹ ದಿನಾಂಕದೊಳಗೆ ಮಾಹಿತಿ ಒದಗಿಸುತ್ತೇವೆ' ಎಂದು ಬರೆಯಲು ಏನಡ್ಡಿ? ಕೊಟ್ಟ ಮಾತು ಉಳಿಸಿಕೊಂಡರೋ ಎಂದು ನೋಡಲೆಂದೇ ಸರ್ಕಾರಿ ಭರವಸೆಗಳ ಸಮಿತಿಗಳಿವೆ. ಲೋಕಸಭೆಯಲ್ಲಿ ಅದು 1953ರಲ್ಲೇ ರಚನೆಯಾಯಿತು. ಭರವಸೆಯನ್ನು ಮೂರು ತಿಂಗಳೊಳಗೆ ಈಡೇರಿಸಬೇಕೆಂಬುದು ಅಲ್ಲಿನ ನಿಯಮ. ಭರವಸೆಯಾಗಿ ಹಿಡಿಯಲಾಗದಂತೆ ಉತ್ತರವನ್ನು ಬರೆಯುವುದು ಈ ಸಮಿತಿಯಿಂದ ತಪ್ಪಿಸಿಕೊಳ್ಳುವ ದಾರಿಯಲ್ಲದೆ ಮತ್ತೇನೂ ಅಲ್ಲ.

ಶಾಸಕರೂ ನಿರ್ದೋಷಿಗಳಲ್ಲ. ಹಣ ಪಡೆದು ಪ್ರಶ್ನೆ ಕೇಳಿದ ಕಳಂಕ ನಮ್ಮ ಸಂಸತ್ತಿಗೆ ಅಂಟಿದೆ. 1951ರಲ್ಲಿ ಒಬ್ಬ ಸದಸ್ಯರು ಆ ಕಾರಣಕ್ಕೆ ಸ್ಥಾನ ತೊರೆಯಬೇಕಾಯಿತು. 2005ರ ಡಿಸೆಂಬರಿನಲ್ಲಿ 11 ಸದಸ್ಯರು ಉಚ್ಚಾಟಿತರಾದರು. ಅದಕ್ಕಿಂತ ಸಾಮಾನ್ಯವಾದ ದೋಷವೆಂದರೆ ಉದಾಸೀನ. ಪ್ರಶ್ನೆ ಕಳುಹಿಸಿದ ಸುದ್ದಿ ಊರಿನಲ್ಲಿ ಹಬ್ಬಿದರೆ ಸಾಕು, ಉತ್ತರದಲ್ಲಿ ಏನಿದೆಯೆಂದು ನೋಡುವುದಿಲ್ಲ.

ನೋಡಿದವರಿಂದ ಏನಾಗಬಲ್ಲುದೆಂಬುದಕ್ಕೆ ಇತಿಹಾಸವೇ ಸಾಕ್ಷಿ. 1957ರಲ್ಲಿ, ಸ್ಥಾಪನೆಯಾಗಿ ಒಂದೇ ವರ್ಷವಾಗಿದ್ದ ಜೀವ ವಿಮಾ ನಿಗಮವು ಹರಿದಾಸ್ ಮುಂಧ್ರಾ ಎಂಬ ವ್ಯಾಪಾರಿಯ ಕಂಪನಿಗಳ ಷೇರುಗಳನ್ನು ಒಂದು ಕೋಟಿಗೂ ಹೆಚ್ಚು ರೂಪಾಯಿ ಕೊಟ್ಟು ಖರೀದಿಸಿತ್ತು. ಅದು ಪಾಲಿಸಿದಾರರ ಹಣ. ಲೋಕಸಭೆಯಲ್ಲಿ ಪ್ರಶ್ನೆ ಬಂದಾಗ ಮೊದಲು ದೊರೆತದ್ದು ಜಾರಿಕೊಳ್ಳುವ ಉತ್ತರವೇ. ಫಿರೋಜ್ ಗಾಂಧಿ ಅಲ್ಲಿಗೆ ಬಿಡಲಿಲ್ಲ. ಅವರು ಆಡಳಿತ ಪಕ್ಷದ ಸದಸ್ಯರು, ಪ್ರಧಾನಿಯ ಅಳಿಯ. ಆದರೂ ದಾಖಲೆ ಹಿಡಿದು ಕೇಳಿದರು. ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರ ಆಯೋಗ ಬಹಿರಂಗ ವಿಚಾರಣೆ ನಡೆಸಿತು; 1958ರ ಫೆಬ್ರವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಉತ್ತರವನ್ನು ಓದಿ, ಒಪ್ಪದೆ, ಮತ್ತೆ ಕೇಳಿದ್ದರ ಫಲವದು.

ಕೇಳುವ ಹಕ್ಕು ಶಾಸಕನದಷ್ಟೇ ಅಲ್ಲವೆಂದು 2005ರ ಮಾಹಿತಿ ಹಕ್ಕು ಕಾಯಿದೆ ಸಾರಿತ್ತು. ಸಂಸತ್ತಿಗೆ ಅಥವಾ ವಿಧಾನಮಂಡಲಕ್ಕೆ ನಿರಾಕರಿಸಲಾಗದ ಮಾಹಿತಿಯನ್ನು ಯಾವ ವ್ಯಕ್ತಿಗೂ ನಿರಾಕರಿಸುವಂತಿಲ್ಲ ಎಂಬ ಆಶಯದ ಮಾತು ಅದರ 8ನೆಯ ಕಲಮಿನಲ್ಲಿತ್ತು. ಕೂಲಿಕಾರನನ್ನೂ ಶಾಸಕನ ಸಮಕ್ಕೆ ನಿಲ್ಲಿಸಿದ ಮಾತದು. ವೈಯಕ್ತಿಕ ದತ್ತಾಂಶ ಸಂರಕ್ಷಣೆಗಾಗಿ 2023ರಲ್ಲಿ ಅಂಗೀಕರಿಸಿದ ಕಾಯಿದೆಯ ಮೂಲಕ ಅದನ್ನು ತೆಗೆದುಹಾಕಲಾಗಿದೆ. 2025ರ ನವೆಂಬರಿನಲ್ಲಿ ಆ ತಿದ್ದುಪಡಿ ಜಾರಿಗೂ ಬಂದಿದೆ. ಜನರ ಖಾಸಗಿತನವನ್ನು ಕಾಯಬೇಕಾದುದು ಸರಿ. ಅದರ ನೆರಳಿನಲ್ಲಿ ಅಧಿಕಾರದ ಖಾಸಗಿತನವನ್ನು ಕಾಯುವುದು ಸರಿಯಲ್ಲ. ಪ್ರಜೆಯ ಬಾಗಿಲು ಕಿರಿದಾದಾಗ ಶಾಸಕನ ಪ್ರಶ್ನೆಯ ಬೆಲೆ ಇನ್ನೂ ಹೆಚ್ಚುತ್ತದೆ. ಹಾರಿಕೆಯ ಉತ್ತರದ ಅಪರಾಧವೂ ಹೆಚ್ಚುತ್ತದೆ.

ಆದುದರಿಂದ ನಾವು ಒತ್ತಾಯಿಸಬೇಕಾದ ಸಂಗತಿಗಳು ಸರಳವಾಗಿವೆ. 'ಪರಿಶೀಲನೆಯಲ್ಲಿದೆ' ಎಂಬ ಪ್ರತಿಯೊಂದು ಉತ್ತರದ ಪಕ್ಕದಲ್ಲಿ ಮುಗಿಸುವ ದಿನಾಂಕವೂ ಹೊಣೆ ಹೊತ್ತ ಅಧಿಕಾರಿಯ ಹುದ್ದೆಯೂ ಇರಲಿ. 'ಮಾಹಿತಿ ಇಲ್ಲ' ಎನ್ನುವ ಇಲಾಖೆ ಅದನ್ನು ಏಕೆ ಸಂಗ್ರಹಿಸಿಲ್ಲವೆಂದೂ ಹೇಳಲಿ. ಈಡೇರದ ಭರವಸೆಗಳ ಪಟ್ಟಿಯನ್ನು ಪ್ರತಿ ಅಧಿವೇಶನದಲ್ಲಿ ಜನರ ಮುಂದಿಡಲಿ. ತೆಗೆದುಹಾಕಿದ ಆ ಮಾತನ್ನು ಮಾಹಿತಿ ಹಕ್ಕು ಕಾಯಿದೆಗೆ ಮರಳಿ ಸೇರಿಸಲಿ.

ಪ್ರಿಯ ಓದುಗರೇ, ನಮಗೂ ಒಂದು ಕೆಲಸವಿದೆ. ಮತ ಕೇಳಲು ಮನೆಗೆ ಬರುವವರನ್ನು ರಸ್ತೆ, ನೀರು, ಪಡಿತರ ಚೀಟಿಯ ಬಗ್ಗೆ ವಿಚಾರಿಸುತ್ತೇವೆ; ಕಳೆದ ಅಧಿವೇಶನದಲ್ಲಿ ನಮ್ಮ ಪರವಾಗಿ ಏನು ಕೇಳಿದಿರಿ, ಏನು ಉತ್ತರ ಬಂತು, ಆ ಉತ್ತರಕ್ಕೆ ನೀವು ಏನೆಂದಿರಿ ಎಂದು ವಿಚಾರಿಸುವುದಿಲ್ಲ. ವಿಧಾನಸಭೆಯ ಪ್ರಶ್ನೋತ್ತರಗಳು ಅದರ ಜಾಲತಾಣದಲ್ಲಿ ಕನ್ನಡದಲ್ಲೇ ದೊರೆಯುತ್ತವೆ. ಮನೆಯ ಕಾಲೇಜು ಓದುವ ಮಗನೋ ಮಗಳೋ ಅರ್ಧ ಗಂಟೆಯಲ್ಲಿ ತಮ್ಮ ತಾಲೂಕಿನ ಉತ್ತರಗಳನ್ನು ಹುಡುಕಿ ಓದಿ ಹೇಳಬಲ್ಲರು. ಅಲ್ಲಿ 'ಕಟ್ಟಡ ಪೂರ್ಣಗೊಂಡಿದೆ' ಎಂದು ಬರೆದಿದ್ದರೆ, ಆ ಕಟ್ಟಡವನ್ನು ಹೋಗಿ ನೋಡುವುದು ಬೆಂಗಳೂರಿನಲ್ಲಿ ಕುಳಿತವರಿಗೆ ಕಷ್ಟ, ನಮಗೆ ಸುಲಭ. ನೋಡಿ ಬಂದು ಶಾಸಕರಿಗೆ ಒಂದು ಪತ್ರ ಬರೆಯಿರಿ. ತಾನು ಬರೆದದ್ದನ್ನು ಊರಿನವರು ಓದುತ್ತಾರೆಂದು ತಿಳಿದ ದಿನ, ಉತ್ತರ ಬರೆಯುವವನ ಕೈ ಒಮ್ಮೆ ತಡೆಯುತ್ತದೆ.