ಶೇರುಪೇಟೆಯ ಕನಸಿಗೆ ಹೊಲ ಅಡವೇ?

ರೈತ ಬಂಧುಗಳೇ, ಅಪಾಯಕ್ಕೆ ಎದೆಗೊಟ್ಟವನಿಗೇ ಲಾಭ ಅಂತಾನೆ ಶೇರುಪೇಟೆಯ ವ್ಯಾಪಾರಿ. ಆದರೆ ಇಷ್ಟು ನಷ್ಟವಾದರೆ ಸಾಕು, ಹೊರಗೆ ಬರ್ತೀನಿ ಅಂತ ಅವನು ಮೊದಲೇ ಗೆರೆ ಎಳೆದುಕೊಂಡಿರ್ತಾನೆ. ಬಿತ್ತಿದ ಬೀಜವನ್ನು ನಾವು ಹಾಗೆ ವಾಪಸು ತೆಗೆಯಲಾದೀತೇ? ಮಳೆಯೂ ನಮ್ಮ ಕೈಲಿಲ್ಲ, ಬೆಲೆಯೂ ಇಲ್ಲ.

ಇದರಿಂದ ಬೇಸತ್ತ ನಮ್ಮ ಕೆಲವು ಹುಡುಗರು ಸಾಲ ತಂದು ಮೊಬೈಲಿನಲ್ಲಿ ಫ್ಯೂಚರ್ಸ್, ಆಪ್ಷನ್ಸ್ ಆಡತೊಡಗಿದ್ದಾರೆ. ಶೇರುಪೇಟೆ ಕಾಯುವ ಸೆಬಿಯೇ 2024ರಲ್ಲಿ ಲೆಕ್ಕ ಕೊಟ್ಟಿದೆ: 2021ರ ಏಪ್ರಿಲ್‌ನಿಂದ ಮೂರು ವರ್ಷದಲ್ಲಿ ಇದನ್ನಾಡಿದ ಬಿಡಿ ಜನರಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಮೇಲೆ!

ಕನಸು ಕಾಣಬೇಡಿ ಅನ್ನೋದಿಲ್ಲ. ಹೊಲ ಅಡವಿಟ್ಟು ಕಾಣಬೇಡಿ. ಆ ಎದೆಗಾರಿಕೆಯನ್ನು ಬೆಳೆಗೆ ವೈಜ್ಞಾನಿಕ ಬೆಲೆ ಕೇಳುವುದರಲ್ಲಿ ತೋರಿಸೋಣ.