ಶಾಲು ಹೊದಿಸಿದರೆ ಸಾಕೆ?

ವರ್ಷಕ್ಕೊಮ್ಮೆ ಜುಲೈ 26ರಂದು ಕಾರ್ಗಿಲ್ ವಿಜಯದ ದಿನವೆಂದೂ ಡಿಸೆಂಬರ್ 7ರಂದು ಧ್ವಜದಿನವೆಂದೂ ಊರೂರಿನಲ್ಲಿ ಸಭೆಗಳು ಕೂಡುತ್ತವೆ. ಒಬ್ಬಿಬ್ಬರು ವೃದ್ಧ ಯೋಧರನ್ನು ವೇದಿಕೆಯ ಮೂಲೆಯಲ್ಲಿ ಕುಳ್ಳಿರಿಸಿ, ಹಾರ ಶಾಲುಗಳನ್ನರ್ಪಿಸಿ, ಅವರಿಂದ ಒಂದು ಮಾತನ್ನೂ ಆಡಿಸದೆ, ಅಧ್ಯಕ್ಷರ ಭಾಷಣವನ್ನು ಗಂಟೆಗಟ್ಟಲೆ ಕೇಳಿಸಿ ಕಳುಹಿಸುವುದು ರೂಢಿಯಾಗಿದೆ. ಮರುದಿನ ಆ ವೃದ್ಧರ ಬಾಗಿಲಿಗೆ ಹೋಗುವವರಿಲ್ಲ. ಇದನ್ನು ಸ್ಮರಣೆಯೆಂದು ಕರೆಯುವುದು ಆ ಶಬ್ದಕ್ಕೇ ಅಪಚಾರ.

ಸ್ಮರಣೆಯ ಕ್ರಮವೇನೆಂಬುದನ್ನು ಕನ್ನಡ ನಾಡು ಇತರರಿಂದ ಕಲಿಯಬೇಕಾಗಿಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಶಕವರ್ಷ 872ರ, ಎಂದರೆ ಕ್ರಿಸ್ತಶಕ 949-50ರ ಶಾಸನವನ್ನು ನೋಡಬಹುದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೇರನು, ಒಡೆಯನು ಮೆಚ್ಚಿ ವರವೀಯಲು ಬಂದಾಗ, ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ನಾಯಿ ಮುಂದೆ ಕಾಡುಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ನಾಯಿಗಾಗಿ ಕಲ್ಲು ನಿಂತಿತು. ಕಲ್ಲಿಗಾಗಿ ಭೂಮಿ ಬಿಟ್ಟಿತು. ಆ ಭೂಮಿಯನ್ನನುಭವಿಸುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಪಾಪಕ್ಕೆ ಭಾಗಿಯೆಂಬ ಕಟ್ಟಳೆಯೂ ಆಯಿತು. ನೆನಪನ್ನು ಜನರ ಸದ್ಭಾವಕ್ಕೆ ಬಿಡದೆ ದಿನದಿನದ ಅನ್ನಕ್ಕೆ ಬಿಗಿದ ಆ ಹಿರಿಯರ ವಿವೇಕವೆಂತಹುದು! ಇದು ನಾಯಿಗೆ ಸಂದ ಮರ್ಯಾದೆ. ಕಾದಿ ಮಡಿದ ಮನುಷ್ಯರ ಮನೆಯವರಿಗೆ ಬಿಟ್ಟ ಭೂಮಿಗೆ ನೆತ್ತರುಗೊಡಗೆ, ಬಾಳ್ಗಳ್ಚು ಎಂಬ ಹೆಸರುಗಳೇ ಶಾಸನಗಳಲ್ಲಿ ಸಿಗುತ್ತವೆ. ಬೇಗೂರಿನ ಒಂಬತ್ತನೆಯ ಶತಮಾನದ ಕಲ್ಲೊಂದು, ಬೆಂಗಳೂರ ಕಾಳಗದಲ್ಲಿ ಸತ್ತ ಬುಟ್ಟನ ಸೆಟ್ಟಿಯ ಹೆಸರಿನೊಡನೆ ಊರಿನ ಹೆಸರನ್ನೂ ಉಳಿಸಿಕೊಟ್ಟಿದೆ. ಇಂದಿನ ರಾಜಧಾನಿಯ ಪ್ರಾಚೀನತೆಗೆ ಸಾಕ್ಷಿ ನುಡಿದವನು ಸತ್ತ ಯೋಧನೇ ಎಂಬುದನ್ನು ಆ ನಗರವಾಸಿಗಳು ಎಷ್ಟು ಮಂದಿ ಬಲ್ಲರು?

1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರ ಸಂಸ್ಥಾನಗಳ ಅಶ್ವದಳಗಳು ತುರ್ಕರ ವಶದಲ್ಲಿದ್ದ ಹೈಫಾ ಪಟ್ಟಣವನ್ನು ಗೆದ್ದುವು. ಭಲ್ಲೆಯನ್ನು ಹಿಡಿದು ಕುದುರೆಯೇರಿದವರು ಫಿರಂಗಿ, ಯಂತ್ರಬಂದೂಕುಗಳ ಎದುರಿಗೆ ನುಗ್ಗಿದರು. ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತ ಮೂವರಲ್ಲಿ ಒಬ್ಬನು ಮೈಸೂರಿನ ಪ್ರತಿನಿಧಿ. 2018ರಲ್ಲಿ ಆ ಚೌಕದ ಹೆಸರಿಗೆ ಹೈಫಾ ಸೇರಿತು. ಬೆಂಗಳೂರಿನ ಜೆ. ಸಿ. ನಗರದಲ್ಲಿಯೂ ಆ ದಳದ ಸ್ಮಾರಕವುಂಟು. ಅದರ ಮುಂದೆ ದಿನವೂ ಹಾದುಹೋಗುವವರು ಕ್ಷಣಕಾಲ ನಿಂತು ಅಲ್ಲಿನ ಹೆಸರುಗಳನ್ನು ಓದಿದರೆ ಯಾರ ಕೆಲಸವೂ ಕೆಡಲಾರದು.

ಇಲ್ಲಿ ಕೆಲವು ಪಂಡಿತರು ಆಕ್ಷೇಪವೆತ್ತುವರು: ಅವರು ಹೋರಾಡಿದ್ದು ಪರಕೀಯರ ಸಾಮ್ರಾಜ್ಯಕ್ಕಾಗಿ, ಅವರನ್ನು ನೆನೆಯುವುದೇಕೆ? ಯುದ್ಧವನ್ನು ಹಾಡಿ ಹೊಗಳಿದಂತಾಗದೆ? ಯುದ್ಧದ ನ್ಯಾಯಾನ್ಯಾಯಕ್ಕೆ ಹೊಣೆ ಕಳುಹಿಸಿದವರದು. ವಿಧವೆಯಾದವಳು ಸಾಮ್ರಾಜ್ಯದ ನೀತಿಯನ್ನು ತೂಗಿ ಅತ್ತವಳಲ್ಲ. ತುರುಗಳನ್ನು ಬಿಡಿಸಲು ಹೋಗಿ ಸತ್ತವನಿಗೂ ಅರಸನ ಹಗೆತನದಲ್ಲಿ ಸತ್ತವನಿಗೂ ವೀರಗಲ್ಲು ನಿಂತ ನಾಡು ಇದು. ಇಷ್ಟಕ್ಕೂ ಈ ಆಕ್ಷೇಪವನ್ನು ಮುಂದಿಡುವವರು 1962, 1965, 1971ರ ಯೋಧರನ್ನಾದರೂ ನೆನೆದಿದ್ದರೆ ಅವರ ಮಾತಿಗೆ ತೂಕವಿರುತ್ತಿತ್ತು.

2015ರಲ್ಲಿ ಸರ್ಕಾರವು 1965ರ ಯುದ್ಧದ ಸುವರ್ಣೋತ್ಸವವನ್ನು ಆಚರಿಸಿತು. ಅದೇ ವರ್ಷ ನಿವೃತ್ತ ಯೋಧರು, ಸಮಾನ ಪದವಿಗೆ ಸಮಾನ ನಿವೃತ್ತಿವೇತನವನ್ನು ಬೇಡಿ, ಎದೆಯ ಮೇಲೆ ಪದಕಗಳನ್ನು ಧರಿಸಿ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕುಳಿತಿದ್ದರು. ಸ್ವಾತಂತ್ರ್ಯೋತ್ಸವದ ಮುನ್ನಾದಿನ ಪೊಲೀಸರು ಅವರನ್ನು ಎಬ್ಬಿಸಲು ಹೋದರು. ಉತ್ಸವಕ್ಕೆ ಬೇಕಾದ ವೀರರು ವೇತನಕ್ಕೆ ಬೇಡವಾದರು.

ದೋಷವನ್ನೆಲ್ಲ ಸರ್ಕಾರದ ತಲೆಗೆ ಕಟ್ಟಿ ವಿದ್ಯಾವಂತರು ಕೈತೊಳೆದುಕೊಳ್ಳುವಂತಿಲ್ಲ. ಸಾಹಿತ್ಯ ಸಂಘಗಳು ವೀರರಸದ ಕವಿಗೋಷ್ಠಿಗಳನ್ನು ನಡೆಸುತ್ತವೆ. ತಮ್ಮ ತಾಲ್ಲೂಕಿನಿಂದ ಸೈನ್ಯಕ್ಕೆ ಹೋದವರ ಹೆಸರುಗಳನ್ನು ಬರೆದಿಟ್ಟ ಸಂಘ ಯಾವುದು? 1971ರಲ್ಲಿ ಇಪ್ಪತ್ತರ ಹರೆಯದವನಾಗಿದ್ದ ಸಿಪಾಯಿ ಈಗ ಎಪ್ಪತ್ತನ್ನು ದಾಟಿದ್ದಾನೆ. ಅವನು ಬಾಂಗ್ಲಾದೇಶದ ನದಿಗಳನ್ನು ಹೇಗೆ ದಾಟಿದನು, ಪಕ್ಕದಲ್ಲಿ ಬಿದ್ದ ಗೆಳೆಯನು ಯಾವ ಊರಿನವನು ಎಂಬುದನ್ನು ಕಾಗದ ಲೇಖನಿಗಳನ್ನು ಹಿಡಿದು ಕೇಳುವವರು ಬೇಕು. ಅವನು ಮನೆಗೆ ಬರೆದ ಕಾಗದಗಳು ಟ್ರಂಕಿನ ತಳದಲ್ಲಿವೆ. ಮನೆಗೆ ಸುಣ್ಣ ಬಳಿಯುವ ದಿನ ಮೊಮ್ಮಕ್ಕಳು ಅವನ್ನು ಹಳೆಯ ಪತ್ರಿಕೆಗಳೊಡನೆ ತೂಕಕ್ಕೆ ಹಾಕುವ ಮೊದಲು ಹೋಗಬೇಕು.